ಸೊನ್ನೆ ಅಪಘಾತದ ಬೋರ್ಡ್ ಹೇಳದ ಕಥೆ

2010ರ ಏಪ್ರಿಲ್ 20. ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ರಿಗ್‌ಗೆ ಆ ದಿನ ದೊಡ್ಡವರು ಬಂದಿದ್ದರು. ಬಾವಿ ಕೊರೆಸುತ್ತಿದ್ದ ತೈಲ ಕಂಪನಿ ಬಿಪಿಯಿಂದ ಇಬ್ಬರು, ರಿಗ್‌ನ ಮಾಲೀಕ ಕಂಪನಿ ಟ್ರಾನ್ಸ್‌ಓಷನ್‌ನಿಂದ ಇಬ್ಬರು. ಬಂದ ಕಾರಣಗಳಲ್ಲಿ ಒಂದು, ಶಹಬ್ಬಾಸ್ ಹೇಳುವುದು. ಗಾಯವಾಗಿ ಒಬ್ಬರೂ ಒಂದು ದಿನ ಕೆಲಸ ತಪ್ಪಿಸದೆ ಆ ರಿಗ್ ಏಳು ವರ್ಷ ಕಳೆದಿತ್ತು.

ಅವರು ರಿಗ್ ಸುತ್ತಿದರು. ಎಲ್ಲಿ ಜಾರುತ್ತದೆ, ಎತ್ತರದಲ್ಲಿ ಕೆಲಸ ಮಾಡುವವರು ಬೆಲ್ಟ್ ಸರಿಯಾಗಿ ಹಾಕುತ್ತಾರಾ ಎಂಬಂಥದ್ದನ್ನು ವಿಚಾರಿಸಿದರು. ಅದೇ ಹೊತ್ತಿಗೆ ಬಾವಿಯ ಒತ್ತಡದ ಪರೀಕ್ಷೆ ನಡೆಯುತ್ತಿತ್ತು. ಲೆಕ್ಕ ಕೂಡುತ್ತಿರಲಿಲ್ಲ. ಒಂದು ಪೈಪಿನಲ್ಲಿ 1,400 ಪಿಎಸ್‌ಐ ಒತ್ತಡ, ಇನ್ನೊಂದರಲ್ಲಿ ಸೊನ್ನೆ. ಎರಡೂ ಒಂದೇ ಬಾವಿಯ ಒತ್ತಡ ತೋರಿಸಬೇಕಾದವು. ಈ ವ್ಯತ್ಯಾಸಕ್ಕೆ ಅಲ್ಲಿದ್ದವರೇ ಒಂದು ಸಮಜಾಯಿಷಿ ಹುಡುಕಿದರು, ಉಳಿದವರು ಒಪ್ಪಿದರು, ಪರೀಕ್ಷೆ ಪಾಸ್ ಅಂತಾಯಿತು. ಅತಿಥಿಗಳು ಇದನ್ನು ಬಿಡಿಸಿ ಕೇಳಲಿಲ್ಲ. ರಾತ್ರಿ ಹತ್ತರ ಸುಮಾರಿಗೆ ರಿಗ್ ಸ್ಫೋಟಿಸಿತು. 11 ಜನ ಸತ್ತರು. 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು.

ಬಂದವರು ಸುರಕ್ಷತೆ ಬಗ್ಗೆ ತಲೆ ಕೆಡಿಸಿಕೊಳ್ಳದ ಜನ ಅಲ್ಲ. ಅದರ ಬಗ್ಗೆ ಮಾತಾಡಲೆಂದೇ ಬಂದಿದ್ದರು. ನನ್ನನ್ನು ಕಾಡುವುದು ಇದೇ. ಕಾಳಜಿ ಇತ್ತು, ಅನುಭವ ಇತ್ತು, ಸ್ವತಃ ಜಾಗಕ್ಕೇ ಬಂದು ನಿಂತಿದ್ದರು. ನೋಡಿದ್ದು ಮಾತ್ರ ಬೇರೆ ಕಡೆ.

ಬೋರ್ಡ್ ಏನನ್ನು ಎಣಿಸುತ್ತದೆ?

ಬಹಳಷ್ಟು ಕಾರ್ಖಾನೆಗಳ ಗೇಟಿನ ಹತ್ತಿರ ಒಂದು ಬೋರ್ಡ್ ಇರುತ್ತದೆ. ‘ಅಪಘಾತವಿಲ್ಲದ ದಿನಗಳು’ ಅಂತ ಬರೆದು ಪಕ್ಕದಲ್ಲಿ ಒಂದು ಸಂಖ್ಯೆ. ದಿನಾ ಬೆಳಿಗ್ಗೆ ಯಾರೋ ಬಂದು ಅದಕ್ಕೆ ಒಂದು ಸೇರಿಸುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ. ತೊಂದರೆ ಏನೆಂದರೆ ಅದು ಎಣಿಸುವುದು ಆಗಿ ಹೋದ ಗಾಯಗಳನ್ನು. ಬರಲಿರುವ ಅಪಾಯ ಅದರ ಲೆಕ್ಕದಲ್ಲೇ ಇಲ್ಲ.

ಬೆರಳು ಕುಯ್ದುಕೊಳ್ಳುವ, ಜಾರಿ ಬೀಳುವ ಅಪಾಯ ಒಂದು ಬಗೆ. ಪದೇ ಪದೇ ಆಗುತ್ತದೆ, ಲೆಕ್ಕ ಸಿಗುತ್ತದೆ. ಬಾಯ್ಲರ್ ಸಿಡಿಯುವ, ಅನಿಲ ಸೋರುವ, ಕಟ್ಟಡ ಕುಸಿಯುವ ಅಪಾಯ ಇನ್ನೊಂದು ಬಗೆ. ಹತ್ತು ಹದಿನೈದು ವರ್ಷ ಏನೂ ಆಗುವುದಿಲ್ಲ, ಆದ ದಿನ ಎಲ್ಲವೂ ಮುಗಿಯುತ್ತದೆ. ಮೊದಲನೆಯದರ ಸಂಖ್ಯೆ ನೋಡಿ ಎರಡನೆಯದು ಹತೋಟಿಯಲ್ಲಿದೆ ಎಂದುಕೊಳ್ಳುವುದು ಜ್ವರ ಇಲ್ಲ ಎಂದ ಮಾತ್ರಕ್ಕೆ ಹೃದಯ ಗಟ್ಟಿಯಿದೆ ಎಂದುಕೊಂಡ ಹಾಗೆ.

ಡೀಪ್‌ವಾಟರ್‌ಗೆ ಐದು ವರ್ಷ ಮೊದಲೇ ಇದೇ ಬಿಪಿ ಈ ಪಾಠ ಕಲಿಯಬೇಕಿತ್ತು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿದ್ದ ಅದರ ರಿಫೈನರಿ ಸ್ಫೋಟಿಸಿ 15 ಜನ ಸತ್ತರು, 180 ಜನ ಗಾಯಗೊಂಡರು. ಆಮೇಲೆ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ನೇತೃತ್ವದ ಸಮಿತಿ ಕೂತಿತು. 2007ರ ಜನವರಿಯಲ್ಲಿ ಬಂದ ಅದರ ವರದಿಯಲ್ಲಿ ಹೇಳಿದ್ದೂ ಇದನ್ನೇ. ಸಣ್ಣಪುಟ್ಟ ಗಾಯಗಳ ಸಂಖ್ಯೆ ಇಳಿಯುತ್ತಿದ್ದುದನ್ನು ನೋಡಿ, ಘಟಕದೊಳಗಿನ ದೊಡ್ಡ ಅಪಾಯಗಳೂ ಹದ್ದುಬಸ್ತಿನಲ್ಲಿವೆ ಎಂದು ಆಡಳಿತ ತಪ್ಪು ತಿಳಿದಿತ್ತು.

ಬೋರ್ಡಿನ ಇನ್ನೊಂದು ಕಾಟ ಬಹುಮಾನ. ‘ಈ ತಿಂಗಳು ಒಂದೂ ಅಪಘಾತ ಇಲ್ಲದಿದ್ದರೆ ಎಲ್ಲರಿಗೂ ಬೋನಸ್’ ಅಂದುಬಿಟ್ಟರೆ ಏನಾಗುತ್ತದೆ ಹೇಳಿ? 28ನೇ ತಾರೀಖಿಗೆ ಒಬ್ಬನ ಕೈಗೆ ಏಟು ಬೀಳುತ್ತದೆ. ಅವನು ಹೇಳುವುದಿಲ್ಲ. ಹೇಳಿದರೆ ನಲವತ್ತು ಜನರ ಹೊಟ್ಟೆ ಮೇಲೆ ಹೊಡೆದ ಹಾಗೆ. ಕೈಗೆ ಬಟ್ಟೆ ಕಟ್ಟಿಕೊಂಡು ಶಿಫ್ಟ್ ಮುಗಿಸುತ್ತಾನೆ. ಸೂಪರ್‌ವೈಸರ್ ಕಂಡೂ ಕಾಣದ ಹಾಗೆ ಇರುತ್ತಾರೆ. ಬೋರ್ಡ್ ಮೇಲೆ ಸಂಖ್ಯೆ ಏರುತ್ತದೆ. ಹೊರಗೆ ಥಳಕು, ಒಳಗೆ ಹುಳುಕು.

ಟೇಪ್ ಸುತ್ತಿದ ಗುಂಡಿ

ಒಂದು ಪ್ರೆಸ್ ಮೆಷೀನ್ ಬಗ್ಗೆ ಹೇಳಬೇಕು. ಅದಕ್ಕೆ ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾಗ ಕೆಳಗೆ ಇಳಿಯುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಬೆರಳು ಡೈ, ಅಂದರೆ ಪೀಸ್‌ಗೆ ಆಕಾರ ಕೊಡುವ ಅಚ್ಚಿನ ಒಳಗೆ ಸಿಕ್ಕುವ ಮಾತೇ ಇಲ್ಲ. ಸರಳ ಉಪಾಯ. ನಾನು ನೋಡಿದ ಮೆಷೀನಿನಲ್ಲಿ ಎಡಗಡೆ ಗುಂಡಿಗೆ ಮಡಿಚಿದ ರಟ್ಟಿನ ತುಂಡು ಒತ್ತಿಟ್ಟು ಕರಿ ಟೇಪ್ ಸುತ್ತಿದ್ದರು. ಬಲಗೈ ಒಂದರಿಂದಲೇ ಪ್ರೆಸ್ ಓಡುತ್ತಿತ್ತು. ಎಡಗೈ ಡೈ ಹತ್ತಿರ ಆಡುತ್ತಿತ್ತು.

ನಾನು ಗಮನಿಸಿದ್ದು ಟೇಪನ್ನು. ಅದು ಹೊಸದಲ್ಲ. ಅಂಚಿನಲ್ಲಿ ಎಣ್ಣೆ, ಧೂಳು ಕೂತು ಗಟ್ಟಿಯಾಗಿತ್ತು. ಅಂದರೆ ತಿಂಗಳುಗಟ್ಟಲೆಯಿಂದ ಅಲ್ಲೇ ಇದೆ. ಆ ದಾರಿಯಲ್ಲಿ ದಿನಾ ಸೂಪರ್‌ವೈಸರ್ ಓಡಾಡುತ್ತಾರೆ. ಸೇಫ್ಟಿ ಆಫೀಸರ್ ವಾರಕ್ಕೊಮ್ಮೆ ಪಟ್ಟಿ ಹಿಡಿದು ಬರುತ್ತಾರೆ. ಮ್ಯಾನೇಜರ್ ಗಾಜಿನ ಕೋಣೆಯಿಂದ ನೋಡಿದರೆ ಆ ಪ್ರೆಸ್ ಕಾಣುತ್ತದೆ. ಯಾರಿಗೂ ಕಂಡಿಲ್ಲವೇ? ಕಂಡಿದೆ. ರೂಢಿಯಾಗಿದೆ ಅಷ್ಟೇ.

ಮುಂದೊಂದು ದಿನ ಬೆರಳು ಹೋದರೆ ವಿಚಾರಣೆಯ ಕಾಗದದಲ್ಲಿ ಏನು ಬರೆಯುತ್ತಾರೆ ಎಂದು ಯಾರು ಬೇಕಾದರೂ ಊಹಿಸಬಹುದು. ‘ಕಾರಣ: ಕೆಲಸಗಾರನ ನಿರ್ಲಕ್ಷ್ಯ. ಕ್ರಮ: ಮತ್ತೊಮ್ಮೆ ತರಬೇತಿ.’ ಫೈಲ್ ಮುಗಿಯಿತು. ಇದು ಪೂರ್ತಿ ಸುಳ್ಳಲ್ಲ, ಟೇಪ್ ಸುತ್ತಿದ್ದು ಅವನೇ. ಆದರೆ ಗಂಟೆಗೆ ಇಷ್ಟು ಪೀಸ್ ಬೇಕು ಎಂದು ಗುರಿ ಇಟ್ಟವರು ಯಾರು? ಎರಡು ಕೈಯಲ್ಲಿ ಒತ್ತಿದರೆ ಆ ಗುರಿ ಮುಟ್ಟಲು ಆಗುತ್ತದಾ ಎಂದು ಯಾರಾದರೂ ಒಂದು ದಿನ ನಿಂತು ಲೆಕ್ಕ ಹಾಕಿದ್ದರಾ? ಮುಟ್ಟದಿದ್ದವನಿಗೆ ಸಂಜೆ ಏನು ಸಿಗುತ್ತಿತ್ತು, ಬೈಗುಳ ತಾನೇ?

‘ಸುರಕ್ಷತೆಯೇ ಮೊದಲು’ ಎಂದು ಗೋಡೆ ಮೇಲೆ ಬರೆಸುವುದು ಸುಲಭ. ಕೆಲಸಗಾರ ಗೋಡೆ ಓದುವುದಿಲ್ಲ, ಸೂಪರ್‌ವೈಸರ್ ಮುಖ ಓದುತ್ತಾನೆ. ಸೂಪರ್‌ವೈಸರ್ ಮ್ಯಾನೇಜರ್ ಮುಖ ಓದುತ್ತಾನೆ. ಮೇಲಿನವರು ಫೋನ್ ಮಾಡಿದಾಗ ಮೊದಲು ಕೇಳುವ ಪ್ರಶ್ನೆ ಯಾವುದು? ‘ಎಷ್ಟು ಪೀಸ್ ಆಯ್ತು?’ ಅಂತಾದರೆ ಆ ಜಾಗದ ನಿಜವಾದ ನಿಯಮ ಅದೇ.

ಸಮಯ, ಜನ, ದುಡ್ಡು

ಸುರಕ್ಷತೆಯನ್ನು ಒಂದು ವಿಭಾಗಕ್ಕೆ ಕೊಟ್ಟು ಕೈತೊಳೆದುಕೊಳ್ಳುವುದು ಹಳೇ ಚಾಳಿ. ಆದರೆ ಸೇಫ್ಟಿ ಆಫೀಸರ್ ಕೈಯಲ್ಲಿ ಏನಿದೆ? ಎಷ್ಟು ಜನರನ್ನು ನೇಮಿಸಬೇಕು, ಹಳೇ ಮೆಷೀನ್ ಯಾವಾಗ ಬದಲಿಸಬೇಕು, ಗಿರಾಕಿಗೆ ಯಾವ ತಾರೀಖಿನ ಮಾತು ಕೊಡಬೇಕು, ಮೇಂಟೆನೆನ್ಸ್‌ಗೆ ಎಷ್ಟು ತೆಗೆದಿಡಬೇಕು? ಇವು ಯಾವುದೂ ಅವರ ಮೇಜಿಗೆ ಬರುವುದಿಲ್ಲ. ಅಪಾಯ ಹುಟ್ಟುವುದು ಮಾತ್ರ ಬಹುಪಾಲು ಇಂಥ ತೀರ್ಮಾನಗಳಲ್ಲೇ.

ಟೆಕ್ಸಾಸ್ ಸಿಟಿಯನ್ನೇ ಮತ್ತೆ ನೋಡಿ. ಆ ದಿನ ಒಂದು ಗೋಪುರಕ್ಕೆ ಬೆಂಕಿ ಹತ್ತುವಂಥ ದ್ರವ ತುಂಬಿಸುತ್ತಿದ್ದರು. ಒಳಗೆ ದ್ರವ ಸುಮಾರು 48 ಮೀಟರ್ ಎತ್ತರಕ್ಕೆ ಏರಿತ್ತು. ಕಂಟ್ರೋಲ್ ರೂಮಿನ ಮಾಪಕ ಮೂರು ಮೀಟರ್‌ಗಿಂತ ಕಡಿಮೆ ತೋರಿಸುತ್ತಿತ್ತು. ಅದರ ಮುಂದೆ ಕೂತಿದ್ದ ಆಪರೇಟರ್ 29 ದಿನಗಳಿಂದ ಒಂದೂ ರಜೆ ಇಲ್ಲದೆ ದಿನಕ್ಕೆ 12 ಗಂಟೆ ದುಡಿಯುತ್ತಿದ್ದ. ಮೂರು ಘಟಕಗಳ ಉಸ್ತುವಾರಿ ಅವನೊಬ್ಬನ ಮೇಲಿತ್ತು. ಹಿಂದೆ ಅಲ್ಲಿ ಇನ್ನೊಬ್ಬ ಆಪರೇಟರ್ ಇರುತ್ತಿದ್ದ. 1999ರಲ್ಲಿ ಖರ್ಚು ಶೇ. 25ರಷ್ಟು ಇಳಿಸಿ ಎಂಬ ಆದೇಶ ಬಂದಿತ್ತು. ಆ ವರ್ಷವೇ ಎರಡನೇ ಆಪರೇಟರ್ ಹುದ್ದೆ ಹೋಯಿತು.

ಈಗ ಹೇಳಿ, ತಪ್ಪು ಮಾಡಿದ್ದು ಯಾರು? ಮಾಪಕದ ಮುಂದೆ ಕಣ್ಣು ಉಜ್ಜಿಕೊಂಡು ಕೂತವನಾ, ಆರು ವರ್ಷ ಮೊದಲು ಎಲ್ಲೋ ದೂರದ ಕಚೇರಿಯಲ್ಲಿ ಕೂತು ಶೇ. 25 ಎಂದು ಬರೆದವರಾ?

ಸತ್ತ 15 ಜನರೂ ಗುತ್ತಿಗೆ ಕೆಲಸಗಾರರು. ಬೇರೆ ಕೆಲಸಕ್ಕೆಂದು ಬಂದು, ಆ ಘಟಕದ ಹತ್ತಿರ ನಿಲ್ಲಿಸಿದ್ದ ತಾತ್ಕಾಲಿಕ ಟ್ರೇಲರ್‌ಗಳಲ್ಲಿ, ಅವುಗಳ ಆಸುಪಾಸಿನಲ್ಲಿ ಇದ್ದವರು. ಪಕ್ಕದ ಗೋಪುರದಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗುತ್ತಿಗೆ ಕೊಟ್ಟರೆ ಕೆಲಸ ಕೈ ಬದಲಾಯಿಸುತ್ತದೆ. ಅಪಾಯ ಅದೇ ಆವರಣದಲ್ಲಿ ಉಳಿಯುತ್ತದೆ.

ನಿಲ್ಲಿಸುವ ಧೈರ್ಯ ಯಾರಿಗಿದೆ?

1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆ ಸುಟ್ಟುಹೋಗಿ 167 ಜನ ಸತ್ತರು. ಶುರುವಾಗಿದ್ದು ಒಂದು ಕಾಗದದಿಂದ. ಹಗಲು ಶಿಫ್ಟಿನವರು ಒಂದು ಪಂಪಿನ ಸೇಫ್ಟಿ ವಾಲ್ವ್ ರಿಪೇರಿಗೆ ಬಿಚ್ಚಿದ್ದರು. ಆ ಕೆಲಸದ ಪರ್ಮಿಟ್ ಕಾಗದದ ವಿಷಯ ರಾತ್ರಿ ಶಿಫ್ಟಿನವರಿಗೆ ತಲುಪಲಿಲ್ಲ. ಇನ್ನೊಂದು ಪಂಪ್ ಕೆಟ್ಟು ನಿಂತಾಗ ಇದನ್ನು ಚಾಲೂ ಮಾಡಿದರು. ಅನಿಲ ಸೋರಿ ಸ್ಫೋಟವಾಯಿತು.

ಇದು ಎಲ್ಲರೂ ಹೇಳುವ ಭಾಗ. ನನಗೆ ಇದಕ್ಕಿಂತ ಭಯ ಹುಟ್ಟಿಸುವುದು ಆಮೇಲಿನದು. ಪೈಪರ್‌ಗೆ ಪೈಪ್‌ಲೈನ್‌ನಲ್ಲಿ ಸೇರಿಕೊಂಡಿದ್ದ ಬೇರೆ ವೇದಿಕೆಗಳಿದ್ದವು. ಅಲ್ಲಿದ್ದವರಿಗೆ ಪೈಪರ್ ಹತ್ತಿ ಉರಿಯುತ್ತಿರುವುದು ಗೊತ್ತಾಯಿತು. ಆದರೂ ಅವು ತಕ್ಷಣ ನಿಲ್ಲಲಿಲ್ಲ. ಎಣ್ಣೆ, ಅನಿಲ ಬೆಂಕಿಯತ್ತಲೇ ಹೋಗುತ್ತಿತ್ತು. ಉತ್ಪಾದನೆ ನಿಲ್ಲಿಸುವುದು ಎಂದರೆ ಸಣ್ಣ ಮಾತಾ? ಮೇಲಿನವರನ್ನು ಕೇಳದೆ ನಿಲ್ಲಿಸುವುದು ಹೇಗೆ? ಬೆಂಕಿ ಎದುರಿಗೇ ಇದ್ದಾಗಲೂ ಮನುಷ್ಯ ಅಪ್ಪಣೆಗೆ ಕಾಯುತ್ತಾನೆ. ಇಷ್ಟು ವರ್ಷ ಅವನಿಗೆ ಕಲಿಸಿದ್ದು ಅದನ್ನೇ.

ಈಗ ಎಷ್ಟೋ ಕಂಪನಿಗಳಲ್ಲಿ ‘ಅಪಾಯ ಅನ್ನಿಸಿದರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು’ ಎಂದು ಕಾರ್ಡ್ ಹಂಚುತ್ತಾರೆ. ಒಳ್ಳೆಯದೇ. ಆದರೆ ಕಾರ್ಡಿಗೆ ಬೆಲೆ ಬರುವುದು ಮೊದಲ ಸಲ ಒಬ್ಬ ನಿಲ್ಲಿಸಿದಾಗ. ಅವನು ನಿಲ್ಲಿಸಿದ, ಎರಡು ಗಂಟೆ ಉತ್ಪಾದನೆ ಹೋಯಿತು, ನೋಡಿದರೆ ಏನೂ ಆಗಿರಲಿಲ್ಲ. ಆಗ ಮ್ಯಾನೇಜರ್ ಎಲ್ಲರ ಮುಂದೆ ‘ನಿಲ್ಲಿಸಿದ್ದು ಸರಿ’ ಅಂದರೆ ಮುಂದಿನವನಿಗೂ ಧೈರ್ಯ ಬರುತ್ತದೆ. ‘ಸುಮ್ನೆ ಎರಡು ಗಂಟೆ ಹಾಳಾಯ್ತಲ್ಲಯ್ಯ’ ಅಂದರೆ ಸಾಕು, ಇನ್ನು ಐದು ವರ್ಷ ಅಲ್ಲಿ ಯಾರೂ ನಿಲ್ಲಿಸುವುದಿಲ್ಲ. ಕಾರ್ಡ್ ಜೇಬಿನಲ್ಲೇ ಇರುತ್ತದೆ.

ಬೆಕ್ಕಿಗೆ ಗಂಟೆ ಕಟ್ಟಲು ಹೋದವರಿಗೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕಥೆಯೇ ಇದೆ. ಉಡಾವಣೆಯ ಹಿಂದಿನ ರಾತ್ರಿ, 1986ರ ಜನವರಿ 27ರಂದು, ರಾಕೆಟ್ ತಯಾರಿಸಿದ ಥಿಯೋಕೋಲ್ ಕಂಪನಿಯ ಎಂಜಿನಿಯರ್‌ಗಳು ಇಷ್ಟು ಚಳಿಯಲ್ಲಿ ಹಾರಿಸಬೇಡಿ, ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ ಎಂದು ಫೋನ್ ಸಭೆಯಲ್ಲಿ ಹೇಳಿದರು. ನಾಸಾ ಕಡೆಯವರಿಗೆ ಹಿಡಿಸಲಿಲ್ಲ. ಸಾಮಾನ್ಯವಾಗಿ ‘ಸುರಕ್ಷಿತ ಎಂದು ತೋರಿಸಿ, ಆಮೇಲೆ ಹಾರಿಸೋಣ’ ಎನ್ನಬೇಕು. ಅಂದು ‘ಅಪಾಯ ಎಂದು ಸಾಬೀತು ಮಾಡಿ, ಇಲ್ಲದಿದ್ದರೆ ಹಾರಿಸೋಣ’ ಎಂದಾಯಿತು. ಕಂಪನಿಯ ಹಿರಿಯರೊಬ್ಬರು ತಮ್ಮ ಮುಖ್ಯ ಎಂಜಿನಿಯರ್‌ಗೆ, ಎಂಜಿನಿಯರ್ ಟೊಪ್ಪಿ ತೆಗೆದು ಮ್ಯಾನೇಜ್‌ಮೆಂಟ್ ಟೊಪ್ಪಿ ಹಾಕಿಕೋ ಎಂದರು. ಟೊಪ್ಪಿ ಬದಲಾಯಿತು. ಮರುದಿನ ನೌಕೆ ಮೇಲೇರಿ 73ನೇ ಸೆಕೆಂಡಿಗೆ ಒಡೆಯಿತು. ಏಳು ಜನ ಸತ್ತರು.

ಅಪಾಯ ಗೊತ್ತಿಲ್ಲದೆ ಆದ ದೊಡ್ಡ ದುರಂತ ಕಡಿಮೆ. ಯಾರೋ ಒಬ್ಬರಿಗೆ ಗೊತ್ತಿರುತ್ತದೆ. ಅವರು ಹೇಳಿರುತ್ತಾರೆ, ಅಥವಾ ಹೇಳಿ ಪ್ರಯೋಜನವಿಲ್ಲ ಎಂದು ಸುಮ್ಮನಾಗಿರುತ್ತಾರೆ. ಹೀಗಾಗಿ ಮೇಲಿನವರ ಕೆಲಸಗಳಲ್ಲಿ ದೊಡ್ಡದು, ನನ್ನ ಲೆಕ್ಕದಲ್ಲಿ, ಕೆಟ್ಟ ಸುದ್ದಿ ಮೇಲಕ್ಕೆ ಬರುವ ದಾರಿ ತೆರೆದಿಡುವುದು. ಹೇಳಿದಷ್ಟು ಸುಲಭ ಅಲ್ಲ. ಕೆಟ್ಟ ಸುದ್ದಿ ಯಾರಿಗೆ ಇಷ್ಟ?

ಇದನ್ನು ಹಠ ಹಿಡಿದು ಮಾಡಿದವರಲ್ಲಿ ಪಾಲ್ ಓ’ನೀಲ್ ಒಬ್ಬರು. 1987ರಲ್ಲಿ ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಮುಖ್ಯಸ್ಥರಾದಾಗ ಹೂಡಿಕೆದಾರರ ಮುಂದೆ ಮಾಡಿದ ಮೊದಲ ಭಾಷಣದಲ್ಲೇ ಲಾಭದ ಬದಲು ಕೆಲಸಗಾರರ ಸುರಕ್ಷತೆ ಬಗ್ಗೆ ಮಾತಾಡಿದರು. ಕೇಳಿದವರು ಕಕ್ಕಾಬಿಕ್ಕಿ. ಕೆಲವೇ ತಿಂಗಳಲ್ಲಿ ಅವರ ಒಂದು ಘಟಕದಲ್ಲಿ, ನಿಂತ ಮೆಷೀನ್ ಸರಿ ಮಾಡಲು ತಡೆ ದಾಟಿ ಒಳಗೆ ಹೋದ ಯುವಕನೊಬ್ಬ ಸತ್ತ. ‘ತಡೆ ದಾಟಿದ್ದು ಅವನ ತಪ್ಪು’ ಎಂದು ಫೈಲ್ ಮುಗಿಸಬಹುದಿತ್ತು. ಓ’ನೀಲ್ ಅಧಿಕಾರಿಗಳನ್ನು ಕೂರಿಸಿಕೊಂಡು, ಅವನನ್ನು ಕೊಂದಿದ್ದು ನಾವು, ನನ್ನ ನಾಯಕತ್ವ ಸೋತಿದೆ ಎಂದರು. ಕೆಲಸಗಾರರಿಗೆ ತಮ್ಮ ಮನೆಯ ಫೋನ್ ನಂಬರ್ ಕೊಟ್ಟರು. ಮುಂದೆ ಮೆಕ್ಸಿಕೋದ ಒಂದು ಘಟಕದಲ್ಲಿ ಅನಿಲದಿಂದ ಕೆಲಸಗಾರರು ಅಸ್ವಸ್ಥರಾದ ವಿಷಯ ಕೇಂದ್ರ ಕಚೇರಿಗೆ ಬಾರದೇ ಹೋದಾಗ, ಒಳ್ಳೆ ಲಾಭ ತರುತ್ತಿದ್ದ ಹಿರಿಯ ಅಧಿಕಾರಿಯನ್ನೇ ತೆಗೆದುಹಾಕಿದರು. ಅವರು ಬಂದಾಗ 100 ಕೆಲಸಗಾರರಿಗೆ 1.86 ಇದ್ದ ಗಾಯದ ದರ, 2000ದಲ್ಲಿ ಅವರು ಬಿಡುವ ಹೊತ್ತಿಗೆ 0.2ರ ಹತ್ತಿರ ಬಂದಿತ್ತು. ಸಂಖ್ಯೆಗಳನ್ನು ನಂಬಬೇಡಿ ಎಂದು ಈಗಷ್ಟೇ ಬೈದವನು ನಾನೇ ಸಂಖ್ಯೆ ಕೊಡುತ್ತಿದ್ದೇನೆ, ನಿಜ. ಆದರೆ ಮುಚ್ಚಿಟ್ಟರೆ ಕೆಲಸ ಹೋಗುತ್ತದೆ, ಹೇಳಿದರೆ ಉಳಿಯುತ್ತದೆ ಎಂಬ ಕಡೆ ಬಂದ ಸಂಖ್ಯೆಗೆ ಸ್ವಲ್ಪ ತೂಕ ಜಾಸ್ತಿ.

ಹೆಲ್ಮೆಟ್ ಕೊಟ್ಟರೆ ಮುಗಿಯಿತಾ?

ಸುದ್ದಿ ಮೇಲಕ್ಕೆ ಬಂತು ಎಂದುಕೊಳ್ಳಿ. ಮುಂದೇನು? ಸುರಕ್ಷತೆಯಲ್ಲಿ ಪಳಗಿದವರು ಉಪಾಯಗಳನ್ನು ಐದು ಮೆಟ್ಟಿಲಾಗಿ ಜೋಡಿಸುತ್ತಾರೆ. ಒಂದು ಉದಾಹರಣೆ ನೋಡೋಣ. ಎತ್ತರದ ಛಾವಣಿಯಲ್ಲಿ ಒಂದು ದೀಪ, ತಿಂಗಳಿಗೊಮ್ಮೆ ಏಣಿ ಹತ್ತಿ ಬಲ್ಬ್ ಬದಲಿಸಬೇಕು. ದೀಪವನ್ನೇ ಹಗ್ಗ, ರಾಟೆ ಹಾಕಿ ಕೆಳಗಿಳಿಸುವ ಹಾಗೆ ಮಾಡಿದರೆ ಹತ್ತುವ ಕೆಲಸವೇ ಇಲ್ಲ, ಅಪಾಯ ಮಾಯ. ಅದಾಗದಿದ್ದರೆ ವರ್ಷಗಟ್ಟಲೆ ಬಾಳುವ ಬಲ್ಬ್ ಹಾಕಿ, ಹತ್ತುವುದು ಅಪರೂಪವಾಗುತ್ತದೆ. ಅದೂ ಆಗದಿದ್ದರೆ ಏಣಿ ಬದಲು ಕಟಕಟೆ ಇರುವ ವೇದಿಕೆ. ಆಮೇಲೆ ನಿಯಮ: ಒಬ್ಬನೇ ಹತ್ತಬಾರದು, ಕೆಳಗೆ ಇನ್ನೊಬ್ಬ ಇರಬೇಕು. ಎಲ್ಲಕ್ಕಿಂತ ಕೊನೆಗೆ ಬೆಲ್ಟ್, ಹೆಲ್ಮೆಟ್.

ಮೇಲಿನ ಮೆಟ್ಟಿಲಿನ ಉಪಾಯ ಕೆಲಸ ಮಾಡಲು ಯಾರೂ ಎಚ್ಚರವಾಗಿರಬೇಕಿಲ್ಲ. ಕೆಳಗಿನದು ನಿಂತಿರುವುದೇ ಮನುಷ್ಯನ ಎಚ್ಚರದ ಮೇಲೆ. ಮನುಷ್ಯನಿಗೆ ನಿದ್ದೆ ಬರುತ್ತದೆ, ಮಗುವಿನ ಜ್ವರ ನೆನಪಾಗುತ್ತದೆ, ಬೆಲ್ಟ್ ಕೊಂಡಿ ಹಾಕುವುದು ಮರೆಯುತ್ತದೆ. ಆದರೂ ಬಹಳಷ್ಟು ಕಡೆ ಶುರು ಮಾಡುವುದೇ ಕೊನೆಯ ಮೆಟ್ಟಿಲಿನಿಂದ. ಹೆಲ್ಮೆಟ್ ಅಗ್ಗ. ಫೋಟೋದಲ್ಲಿ ಕಾಣುತ್ತದೆ. ಹಾಕದಿದ್ದರೆ ತಪ್ಪು ಯಾರದ್ದು ಎಂಬುದೂ ಮೊದಲೇ ತೀರ್ಮಾನವಾಗಿರುತ್ತದೆ. ಮೇಲಿನ ಮೆಟ್ಟಿಲಿಗೆ ದುಡ್ಡು ಬೇಕು, ವಿನ್ಯಾಸ ಬದಲಾಗಬೇಕು, ಕೆಲಸ ನಾಲ್ಕು ದಿನ ನಿಲ್ಲಬೇಕು. ಆ ಅಧಿಕಾರ ಇರುವುದು ಮೇಲಿನವರಿಗೆ ಮಾತ್ರ.

ಸದ್ದಿಲ್ಲದೆ ಕೊಲ್ಲುವುದು

ಇಲ್ಲಿಯವರೆಗೆ ಸ್ಫೋಟ, ಬೆಂಕಿ ಅಂದೆ. ಕಣ್ಣಿಗೆ ಕಾಣುವುದು ಅವೇ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಲ್ಲಿ ಕೆಲಸದ ಕಾರಣಕ್ಕೆ ವರ್ಷಕ್ಕೆ ಸಾಯುವವರು 29 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಅಪಘಾತದಿಂದ ಸಾಯುವವರು ಸುಮಾರು 3.3 ಲಕ್ಷ. ಉಳಿದ ಸುಮಾರು 26 ಲಕ್ಷ ಜನರನ್ನು ಕೊಲ್ಲುವುದು ಕಾಯಿಲೆ. ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂರುತ್ತದೆ, ರಾಸಾಯನಿಕ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ. ಕೆಲಸ ಬಿಟ್ಟು ಹತ್ತಿಪ್ಪತ್ತು ವರ್ಷದ ಮೇಲೆ ಮನುಷ್ಯ ಸಾಯುತ್ತಾನೆ. ಗೇಟಿನ ಬೋರ್ಡ್ ಅಷ್ಟೊತ್ತಿಗೆ ಸಾವಿರಾರು ದಿನ ದಾಟಿರುತ್ತದೆ.

ಇದು ಕಾರ್ಖಾನೆಗಷ್ಟೇ ಸೀಮಿತವಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಜಾಸ್ತಿ ದುಡಿದಿದ್ದರಿಂದ ಪಾರ್ಶ್ವವಾಯು, ಹೃದ್ರೋಗ ಬಂದು 2016ರಲ್ಲಿ 7.45 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ 2021ರಲ್ಲಿ ಲೆಕ್ಕ ಕೊಟ್ಟವು. ಇಲ್ಲಿ ಸೋರುವ ಪೈಪೂ ಇಲ್ಲ, ಸಿಡಿಯುವ ಬಾಯ್ಲರೂ ಇಲ್ಲ. ಎಸಿ ಕೋಣೆ, ಒಳ್ಳೆ ಕುರ್ಚಿ. ರಾತ್ರಿ ಹನ್ನೊಂದಕ್ಕೆ ಬರುವ ಮೆಸೇಜ್, ಭಾನುವಾರದ ‘ಒಂದೈದು ನಿಮಿಷ’ ಕಾಲ್, ಮೂವರ ಕೆಲಸ ಇಬ್ಬರಿಗೆ. ಇಲ್ಲಿ ಅಪಾಯದ ಮೂಲವೇ ಬಾಸ್. ಯೋಗ ತರಗತಿ ಏರ್ಪಡಿಸಿ ಇದನ್ನು ಸರಿ ಮಾಡಲು ಹೋಗುವುದು ಮತ್ತೆ ಅದೇ ಹೆಲ್ಮೆಟ್ ಕಥೆ. ಹನ್ನೊಂದರ ಮೆಸೇಜ್ ನಿಲ್ಲಿಸುವುದು ಮೊದಲ ಮೆಟ್ಟಿಲು. ಅದಕ್ಕೆ ಖರ್ಚೂ ಇಲ್ಲ.

ಕಾನೂನೂ ನಿಧಾನಕ್ಕೆ ಮೇಲಿನ ಕುರ್ಚಿಗಳತ್ತ ತಿರುಗುತ್ತಿದೆ. ಕೆನಡಾದ ವೆಸ್ಟ್ರೇ ಗಣಿಯಲ್ಲಿ 1992ರಲ್ಲಿ 26 ಜನ ಸತ್ತ ಮೇಲೆ ಅಲ್ಲಿನ ಅಪರಾಧ ಕಾನೂನೇ ಬದಲಾಯಿತು. ನ್ಯೂಜಿಲೆಂಡ್‌ನ ಪೈಕ್ ರಿವರ್ ಗಣಿಯಲ್ಲಿ 2010ರಲ್ಲಿ 29 ಜನ ಸತ್ತರು. 2015ರಲ್ಲಿ ಅಲ್ಲಿ ಬಂದ ಕಾಯ್ದೆ ನಿರ್ದೇಶಕರಿಗೆ ವೈಯಕ್ತಿಕ ಹೊಣೆ ಹೊರಿಸಿತು. ‘ನನ್ನ ಗಮನಕ್ಕೆ ಬಂದಿರಲಿಲ್ಲ’ ಅಂದರೆ ಅಲ್ಲಿ ನಡೆಯುವುದಿಲ್ಲ, ಗಮನಕ್ಕೆ ತಂದುಕೊಳ್ಳುವುದೇ ಅವರ ಕೆಲಸ. ಎಲ್ಲ ಕಡೆಯೂ ಇದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆಯೇ. ಆದರೂ ಬಾಗಿಲು ಬಂತಲ್ಲ.

ಆ ಪ್ರೆಸ್ ಮೆಷೀನಿಗೆ ಏನಾಯಿತು ಎಂದು ಹೇಳಿಬಿಡುತ್ತೇನೆ. ಹೊಸದಾಗಿ ಬಂದ ಮ್ಯಾನೇಜರ್ ಒಂದು ಮಧ್ಯಾಹ್ನ ಅದರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಬೈಯಲಿಲ್ಲ. ‘ಇದನ್ನ ಯಾಕೆ ಸುತ್ತಿದ್ದೀಯಪ್ಪಾ?’ ಎಂದು ಕೇಳಿದರು. ಅವನು ಮೊದಲು ಮಾತಾಡಲಿಲ್ಲ. ಅರ್ಧ ಗಂಟೆ ಆದ ಮೇಲೆ ಒಂದು ಪೀಸ್ ಕೈಗಿಟ್ಟು ತೋರಿಸಿದ. ‘ಡೈ ಸವೆದಿದೆ ಸಾರ್. ನಾಲ್ಕಕ್ಕೆ ಒಂದು ಪೀಸ್ ಒಳಗೇ ಕಚ್ಚಿಕೊಳ್ಳುತ್ತೆ. ಎಡಗೈಯಲ್ಲಿ ಎಬ್ಬಿಸದಿದ್ರೆ ಲೆಕ್ಕ ಬರಲ್ಲ.’ ಡೈ ಬದಲಿಸಿ ಎಂದು ಅವನು ಎರಡು ಸಲ ಹೇಳಿದ್ದನಂತೆ. ಯಾರ ಬಳಿ ಹೇಳಿದ್ದು ಎಂದು ಕೇಳಿದರೆ ನಕ್ಕ.

ಹತ್ತು ದಿನಕ್ಕೆ ಹೊಸ ಡೈ ಬಂತು. ಜೊತೆಗೆ ಗುಂಡಿಗಳ ವೈರಿಂಗ್ ಬದಲಿಸಿದರು. ಈಗ ಪ್ರತಿ ಸಲ ಎರಡನ್ನೂ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಅದು ಮುಗಿಯುವವರೆಗೆ ಗಂಟೆಯ ಗುರಿಯನ್ನೂ ಇಳಿಸಿದ್ದರು. ಟೇಪ್ ಬಿಚ್ಚು ಎಂದು ಯಾರೂ ಹೇಳಲಿಲ್ಲ. ಅವನೇ ಚಾಕು ತಂದು ಕೆರೆದು ತೆಗೆದ. ಗುಂಡಿಯ ಸುತ್ತ ಅಂಟು ಇನ್ನೂ ಹಾಗೇ ಇದೆ.